ಕಿಲೋ ಲೆಕ್ಕದ ಕಬ್ಬಿಣ: ಬಂದರಿನಿಂದ ಬೈಕಂಪಾಡಿಗೆ, ಅಲ್ಲಿಂದ ಮಲ್ಪೆಗೆ

ನಮಸ್ಕಾರ. ತೆರೆಯ ಮೇಲೆ ಈಗ ಕಾಣುತ್ತಿರುವುದು ಮಂಗಳೂರಿನ ಕಾವೂರಿನಲ್ಲಿರುವ ನಮ್ಮ ಮನೆಯ ಹಿಂಬದಿಯ ಮಾಡಿನ ಕೆಳಗೆ ನಾನೇ ಬೆಸೆದು ನಿಲ್ಲಿಸಿದ ಕೆಲಸದ ಮೇಜು. ಇದರ ಉದ್ದ 120 ಸೆಂಟಿಮೀಟರ್, ಅಗಲ 60, ಕಾಲುಗಳ ಎತ್ತರ 85. ವೆಲ್ಡಿಂಗ್ ಕಲಿಯಲು ನನಗೆ ಹಿಡಿದದ್ದಕ್ಕಿಂತ ಹೆಚ್ಚು ಕಾಲ, ಕೈಗೆಟಕುವ ಬೆಲೆಗೆ ಸರಿಯಾದ ಕಬ್ಬಿಣವನ್ನು ಕೊಳ್ಳಲು ಕಲಿಯುವುದಕ್ಕೆ ಹಿಡಿಯಿತು. ಇಂದು ಹೇಳಲಿರುವುದು ಅದನ್ನೇ.

ಕಬ್ಬಿಣದ ವ್ಯಾಪಾರ ನಡೆಯುವುದು ತೂಕದ ಮೇಲೆ. ನಾವಾದರೋ ಮನೆಯಿಂದ ಹೊರಡುವಾಗ ಮೀಟರ್, ಅಡಿಗಳ ಲೆಕ್ಕವನ್ನು ಮಾತ್ರ ಇಟ್ಟುಕೊಂಡು ಹೊರಡುತ್ತೇವೆ. ಈ ಎರಡರ ನಡುವಿನ ಲೆಕ್ಕ ತಿಳಿಯದಿದ್ದರೆ ಅಂಗಡಿಯವರು ಹೇಳಿದ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದೇ ಗೊತ್ತಾಗುವುದಿಲ್ಲ. ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು 7.85ರಿಂದ ಗುಣಿಸಿದರೆ ಒಂದು ಚದರ ಮೀಟರಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. 3 ಮಿಲಿಮೀಟರ್ ತಗಡಾದರೆ ಸುಮಾರು 23.5 ಕಿಲೋ. ದುಂಡು ಸರಳಿಗೆ ಮಿಲಿಮೀಟರಿನಲ್ಲಿ ಅಳೆದ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಬರುತ್ತದೆ. ನನ್ನ ಮೇಜಿಗೆ ಬಳಸಿದ 40ಕ್ಕೆ 40ರ, 2 ಮಿಲಿಮೀಟರ್ ದಪ್ಪದ ಚೌಕ ಪೈಪು ಮೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. ಅದೇ ಅಳತೆಯ, 5 ಮಿಲಿಮೀಟರ್ ದಪ್ಪದ ಆಂಗಲ್, ಅಂದರೆ L ಆಕಾರದ ಪಟ್ಟಿ, 3 ಕಿಲೋ ತೂಗುತ್ತದೆಯಾದರೂ ತಿರುಚುವ ಬಲವನ್ನು ಪೈಪಿನಷ್ಟು ತಡೆಯುವುದಿಲ್ಲ. ಕಿಲೋ ದರ ತುಸು ಹೆಚ್ಚಿದ್ದರೂ ಪೈಪಿನಲ್ಲೇ ಮೇಜು ಅಗ್ಗವಾಗುವುದು ಈ ಕಾರಣಕ್ಕೆ.

ದಪ್ಪವನ್ನು ಅಂಗಡಿಗಳಲ್ಲಿ ಗೇಜ್ ಲೆಕ್ಕದಲ್ಲಿಯೂ ಹೇಳುತ್ತಾರೆ: 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, 16 ಎಂದರೆ 1.6, 14 ಎಂದರೆ 2. ನಾನು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗುತ್ತೇನೆ. ಹೇಳಿದ ದರದಲ್ಲಿ ಶೇಕಡಾ 18ರ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿಬಿಡುವುದು ಒಳ್ಳೆಯದು.

ಇನ್ನು ಎಲ್ಲಿ ಕೊಳ್ಳಬೇಕೆಂಬ ಮಾತು. ಒಂದೆರಡು ಅಡಿಯ ಪಟ್ಟಿಯಷ್ಟೇ ಬೇಕಾದಾಗ ಮಂಗಳೂರಿನ ಬಂದರು ಪೇಟೆಯ ಹಾರ್ಡ್‌ವೇರ್ ಅಂಗಡಿಗಳ ಕಡೆಗೆ ಹೋಗುತ್ತೇನೆ. ಪೂರ್ತಿ ಉದ್ದದ ಪೈಪು ಬೇಕಾದರೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶವೇ ಅನುಕೂಲ. ಆದರೆ ಸಣ್ಣ ಕೆಲಸಗಳ ಮಟ್ಟಿಗೆ ನನಗೆ ಅತಿ ಹೆಚ್ಚು ನೆರವಾದದ್ದು ನಮ್ಮ ಊರಿನ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶಾಪು. ಅಲ್ಲಿ ಗೋಡೆಗೊರಗಿಸಿಟ್ಟ ತುಂಡುಗಳು ಕೊನೆಗೆ ಗುಜರಿಗೆ ಹೋಗತಕ್ಕವು. ಗುಜರಿಯವರು ಕೊಡುವ ದರಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಶಾಪಿನವರಿಗೂ ಲಾಭ, ಹೊಸ ಮಾಲಿನ ದರಕ್ಕಿಂತ ಕಡಿಮೆಗೆ ಸಿಕ್ಕಿದ್ದರಿಂದ ನಮಗೂ ಲಾಭ. ಅವರು ತಮ್ಮ ಕೆಲಸಕ್ಕೆ ಲೋಡು ತರಿಸುವಾಗ ನನ್ನ ಎರಡು ಪೈಪುಗಳನ್ನೂ ಅದರಲ್ಲೇ ಸೇರಿಸಿ ತರಿಸಿಕೊಟ್ಟದ್ದುಂಟು.

ಪೂರ್ತಿ ಪೈಪು ಸಾಮಾನ್ಯವಾಗಿ 6 ಮೀಟರ್ ಉದ್ದವಿರುತ್ತದೆ. ದುಡ್ಡು ಪೋಲಾಗುವುದು ದರದಲ್ಲಿ ಅಲ್ಲ, ಈ ಆರು ಮೀಟರನ್ನು ತುಂಡರಿಸುವ ರೀತಿಯಲ್ಲಿ ಎಂಬುದನ್ನು ನಾನು ಈ ಮೇಜಿನಿಂದ ಕಲಿತೆ. ಬೇಕಾದದ್ದು 120ರ ನಾಲ್ಕು, 60ರ ನಾಲ್ಕು, 85ರ ನಾಲ್ಕು ತುಂಡುಗಳು, ಒಟ್ಟು 10.6 ಮೀಟರ್, ಅಂದರೆ ಎರಡು ಪೈಪು ಧಾರಾಳ. ಮೊದಲ ಪೈಪಿನಲ್ಲಿ 120ರ ನಾಲ್ಕು, 60ರ ಎರಡು, ಸರಿಯಾಗಿ ಆರು ಮೀಟರ್ ಎಂದು ಕಾಗದದ ಮೇಲೆ ಬರೆದಿಟ್ಟಿದ್ದೆ. ಆದರೆ ಕಟ್ಟಿಂಗ್ ವೀಲ್ ಪ್ರತಿ ಕಡಿತಕ್ಕೂ ಹತ್ತಿರ ಹತ್ತಿರ 3 ಮಿಲಿಮೀಟರ್ ತಿನ್ನುತ್ತದೆ. ಆರು ತುಂಡಿಗೆ ಐದು ಕಡಿತ. ಅಲ್ಲಿಗೆ ಒಟ್ಟು ಒಂದೂವರೆ ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಅದಕ್ಕೂ ಮೊದಲು ಇನ್ನೊಂದು ತಪ್ಪು ಆಗಿಹೋಗಿತ್ತು. ಗೂಡ್ಸ್ ರಿಕ್ಷಾದಲ್ಲಿ ಹಿಡಿಸಬೇಕೆಂದು ಎರಡೂ ಪೈಪುಗಳನ್ನು ಅಂಗಡಿಯಲ್ಲೇ ನಟ್ಟನಡುವೆ ತುಂಡರಿಸಿ ತಂದಿದ್ದೆ. ಮೂರು ಮೀಟರಿನ ಪ್ರತಿ ಅರ್ಧದಲ್ಲೂ 120ರ ಎರಡು ತೆಗೆದರೆ ಉಳಿಯುವುದು 60ಕ್ಕೆ ತುಸು ಕಡಿಮೆ, ಎರಡು ಅರ್ಧದಲ್ಲೂ ಅದೇ ಕತೆ. ಎರಡೂವರೆ ಮತ್ತು ಮೂರೂವರೆ ಮೀಟರಿಗೆ ತುಂಡರಿಸಿದ್ದರೆ ದೊಡ್ಡದರಲ್ಲಿ 120ರ ಎರಡರ ಜೊತೆಗೆ 60ರ ಒಂದು ಸಲೀಸಾಗಿ ಬರುತ್ತಿತ್ತು, ಉಳಿದ ಮೂರು ಎರಡನೆಯ ಪೈಪಿನಲ್ಲಿ ಸಿಗುತ್ತಿದ್ದವು. ಅಂದು ಗಿಡ್ಡವಾದ ಎರಡು ತುಂಡುಗಳ ಬದಲಿಗೆ ಬೇಕಾದ 60ರವನ್ನೂ ಎರಡನೆಯ ಪೈಪಿನಿಂದಲೇ ತೆಗೆಯಬೇಕಾಯಿತು. ಈಗ ಎಲ್ಲಿ ತುಂಡರಿಸಬೇಕೆಂಬ ಚಿತ್ರವನ್ನು ಕೈಯಲ್ಲಿ ಹಿಡಿಯದೆ ನಾನು ಅಂಗಡಿಗೆ ಹೊರಡುವುದಿಲ್ಲ.

ಗುಜರಿ ಅಂಗಡಿಯ ವಿಚಾರವೇ ಬೇರೆ. ಅಲ್ಲಿಗೆ ಬೇಕಾದದ್ದರ ಪಟ್ಟಿ ಹಿಡಿದು ಹೋದರೆ ನಿರಾಶೆಯಾಗುತ್ತದೆ; ಏನಿದೆಯೋ ಅದರಿಂದ ಏನು ಮಾಡಬಹುದೆಂದು ಯೋಚಿಸುವ ವ್ಯವಧಾನವಿದ್ದರೆ ಮಾತ್ರ ಲಾಭ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಸಿಕ್ಕಿದ ಪೈಪು ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನಿಂದ ಸವೆದಿರುತ್ತದೆ. ಒಮ್ಮೆ ನಾನು ಅಂತಹದೊಂದನ್ನು ಎತ್ತಿಕೊಂಡಾಗ ಅಂಗಡಿಯ ಹಿರಿಯರೇ, "ಅದು ಬೇಡ ಮಾರಾಯ್ರೇ, ಒಳಗೆಲ್ಲ ತುಕ್ಕು ತಿಂದಿದೆ, ಬಡಿದು ನೋಡಿ" ಎಂದರು. ಸುತ್ತಿಗೆಯಿಂದ ಬಡಿದಾಗ ಬಂದದ್ದು ಮಂದ ಸದ್ದು. ವ್ಯಾಪಾರ ಕೈತಪ್ಪಿದರೂ ಸರಿಯೆಂದು ಕಲಿಸಿಕೊಟ್ಟ ಅವರಲ್ಲಿಗೆ ಇಂದಿಗೂ ಹೋಗುತ್ತೇನೆ. ಸತು ಲೇಪದ ಹಳೆಯ ನೀರಿನ ಪೈಪು ಅಗ್ಗವೇ, ಆದರೆ ಬೆಸೆಯುವಾಗ ಏಳುವ ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಲೇಪವನ್ನು ಮೊದಲು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ, ಮುಖಕ್ಕೆ ಸರಿಯಾದ ಮಾಸ್ಕ್ ಧರಿಸಿಯೇ ಬೆಸೆಯಬೇಕು. ಬಾಯಿ ಮುಚ್ಚಿದ ಡ್ರಮ್ಮು, ಸಿಲಿಂಡರ್, ವಾಹನಗಳ ಶಾಕ್ ಅಬ್ಸಾರ್ಬರ್‌ಗಳನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕತ್ತರಿಸಲು ಹೋಗಬೇಡಿ. ಒಳಗಿನ ಒತ್ತಡ ಮತ್ತು ಆವಿ ಪ್ರಾಣಕ್ಕೆ ಎರವಾಗುತ್ತವೆ.

ಉಡುಪಿ ಬಳಿಯ ಮೀನುಗಾರಿಕಾ ಬಂದರಾದ ಮಲ್ಪೆಗೆ ನಾನು ಹೋಗುವುದು ಜೂನ್, ಜುಲೈ ತಿಂಗಳುಗಳಲ್ಲಿ. ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನಗಳಲ್ಲಿ ಬೋಟುಗಳ ದುರಸ್ತಿ ನಡೆಯುತ್ತದೆ, ಕಳಚಿದ ಹಳೆಯ ಭಾಗಗಳು ಗುಜರಿಗೆ ಬರುತ್ತವೆ. ಮೇಜಿನ ಮೇಲೆ ನೀವು ನೋಡುತ್ತಿರುವ ದುಂಡನೆಯ ಭಾರದ ತುಂಡು ಅಲ್ಲಿಂದ ತಂದ ಹಳೆಯ ಶಾಫ್ಟಿನದು.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಒಂದು ಅಂಗಡಿಯಲ್ಲಿ, ತುಕ್ಕನ್ನು ಚೆನ್ನಾಗಿ ತಡೆಯುವ 304 ಗ್ರೇಡ್ ಎಂದು ನಂಬಿ ತಂದ ಪೈಪಿನಿಂದ ಮಾಡಿದ ಬಟ್ಟೆ ಒಣಗಿಸುವ ಚೌಕಟ್ಟು ಒಂದೇ ಮಳೆಗಾಲದಲ್ಲಿ ಕಂದು ಚುಕ್ಕೆಗಳಿಂದ ತುಂಬಿಹೋಯಿತು. ಅಮ್ಮನ ಸೀರೆಗೂ ಕಲೆಯಾದದ್ದು ನನಗೆ ಬಹಳ ನೋವು ತಂದಿತು. ಅಯಸ್ಕಾಂತ ಹಿಡಿದು ನೋಡಿ ಕೊಂಡಿದ್ದೆ ನಿಜ. ಆದರೆ ಅಗ್ಗದ ಗ್ರೇಡಾದ 202 ಮತ್ತು 304 ಎರಡಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆ ಇವೆರಡನ್ನು ಬೇರ್ಪಡಿಸಲಾರದು. 202ರಲ್ಲಿ ದುಬಾರಿಯಾದ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ, ಕ್ರೋಮಿಯಂ ಕೂಡ 304ಕ್ಕಿಂತ ಕಡಿಮೆ. ಒಳಮನೆಯ ಕೆಲಸಕ್ಕೆ ಅದು ಸಾಕು, ಸಮುದ್ರದ ಗಾಳಿ ಬೀಸುವ ಅಂಗಳಕ್ಕೆ ಸಲ್ಲದು. ಗ್ರೇಡ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕಬ್ಬಿಣವನ್ನಿಟ್ಟು ಬಡಿಯುವ ಬಡಿಗಲ್ಲಿನ ಬದಲಿಗೆ ರೈಲು ಕಂಬಿಯ ತುಂಡು ಬೇಕೆಂದು ಹುಡುಕುವವರಿದ್ದಾರೆ. ಮೂಲ ತಿಳಿಯದ ಕಂಬಿಯನ್ನು ಮುಟ್ಟಬೇಡಿ. ಕದ್ದ ರೈಲ್ವೆ ಸೊತ್ತನ್ನು ಇಟ್ಟುಕೊಳ್ಳುವುದು 1966ರ ಕಾಯ್ದೆಯಂತೆ ಅಪರಾಧ. ಮರದ ದಿಮ್ಮಿಯ ಮೇಲೆ ಕೂರಿಸಿದ ದಪ್ಪನೆಯ ಉಕ್ಕಿನ ತುಂಡೊಂದು ನನ್ನ ಎಲ್ಲ ಕೆಲಸಕ್ಕೂ ಒದಗಿದೆ.

ತಂದ ಮಾಲನ್ನು ನೆಲಕ್ಕೆ ತಾಗದಂತೆ ಗೋಡೆಯ ಕೊಕ್ಕೆಗಳ ಮೇಲೆ ಮಲಗಿಸಿ, ತೆಳುವಾಗಿ ಎಣ್ಣೆ ಸವರಿ ಇಡುತ್ತೇನೆ. ಬೆಸೆಯುವ ಮುನ್ನ ಅದನ್ನು ಥಿನ್ನರಿನಿಂದ ಒರೆಸಿ, ಒಣಗಿದ ಮೇಲೆ ಕೆಲಸ ಶುರು ಮಾಡುತ್ತೇನೆ. ಕೊನೆಯ ದೃಶ್ಯದಲ್ಲಿ ಕಾಣುವ ಸಣ್ಣ ಪೈಪುಗಳು ಮೇಜು ಮುಗಿದ ಮೇಲೆ ಉಳಿದವು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಿಂದ ಅಳತೆ ಬರೆದಿದ್ದೇನೆ. 60ಕ್ಕೆ ತುಸು ಗಿಡ್ಡವಾದ ಆ ತುಂಡುಗಳಲ್ಲಿ ಒಂದು ಮುಂದಿನ ವಾರ, ಕಬ್ಬಿಣವನ್ನು ಬಿಗಿಹಿಡಿಯುವ ವೈಸ್ ಕೂರಿಸುವ ಕಂಬವಾಗಲಿದೆ.