ಆ ಬೋಲ್ಟ್ ಬಿಸಾಕಿ ಅಂದ್ರೆ ಬಿಸಾಕಿ!

ನಮಸ್ಕಾರ, ಚಿತ್ರದುರ್ಗದಿಂದ. ವಿಮಾನದ ಬೋಲ್ಟ್ ಬಗ್ಗೆ ಮಾಡಿದ ಹೋದ ವಿಡಿಯೋಗೆ ಒಬ್ಬ ಅಣ್ಣ ಕಾಮೆಂಟ್ ಹಾಕಿದ್ದಾರೆ: 'ಬೋಲ್ಟ್ ನೋಡಿದ ತಕ್ಷಣ ಸೈಜ್ ಹೇಳ್ತೀನಿ, ಅನುಮಾನ ಬಂದಿದ್ದೆಲ್ಲ ಬಿಸಾಕು ಅಂತ ಸುಮ್ನೆ ಹೆದರಿಸಬೇಡ.' ಅದಕ್ಕೆ ಲೈಕ್ ಬೇರೆ!

ಅಣ್ಣಾ, 1990ರ ಜೂನ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅಲ್ಲಿನ ಮೇಂಟೆನೆನ್ಸ್ ಮ್ಯಾನೇಜರ್ ಕೂಡ ಪಳಗಿದ ಕೈನವರೇ. ರಾತ್ರಿ ಶಿಫ್ಟಲ್ಲಿ ಒಂದು ವಿಮಾನದ ಕಾಕ್‌ಪಿಟ್, ಅಂದ್ರೆ ಪೈಲಟ್ ಕೂರೋ ಜಾಗದ, ಗಾಜು ಬದಲಾಯಿಸುವಾಗ ಹಳೇ ಬೋಲ್ಟ್ ಪಕ್ಕ ಹೊಸದನ್ನು ಹಿಡಿದು ನೋಡಿ ಆರಿಸಿಕೊಂಡರು. ಸ್ಟೋರಿನವರು ಸೈಜ್ ಬೇರೆ ಅಂದರೂ ಕೇಳಲಿಲ್ಲ. 90ರಲ್ಲಿ 84 ಬೋಲ್ಟ್ 0.66 ಮಿಲಿಮೀಟರ್ ಸಣ್ಣ. ಅಷ್ಟೇ! 17,300 ಅಡಿ ಎತ್ತರದಲ್ಲಿ ಗಾಜು ಕಿತ್ತು ಹೋಯ್ತು, ಕ್ಯಾಪ್ಟನ್ ಅರ್ಧ ಮೈ ಹೊರಗೆ, ಒಳಗಿದ್ದವರು ಕಾಲು ಹಿಡ್ಕೊಂಡಿದ್ದಕ್ಕೆ ಜೀವ ಉಳೀತು. ಕಣ್ಣಳತೆಯಂತೆ ಕಣ್ಣಳತೆ!

ತಗಡು ಜೋಡಿಸೋಕೆ ಹೊಡೆಯೋ ಮೊಳೆ, ರಿವೆಟ್, ಅದೂ ಅಷ್ಟೇ. ಸಡಿಲ ಆದರೆ ತಲೆಯ ಹಿಂದೆ ಗಾಳಿ ಬೀಸಿದ ಕಡೆಗೆ ಕಪ್ಪು ಗೆರೆ ಹೊಗೆ ಹಿಡಿದಂಗೆ ಕಾಣುತ್ತೆ, ಅದು ಅಲ್ಯೂಮಿನಿಯಂ ಉಜ್ಜಿ ಉದುರಿದ ಪುಡಿ. ಒರೆಸಿಬಿಟ್ಟರೆ ಆಯ್ತು ಅನ್ನೋ ಬುದ್ಧಿವಂತರಿದ್ದಾರೆ. ಅಲ್ವಾ? ಒರೆಸಿದ್ರೆ ಸಾಲದು, ರಿವೆಟ್ ತೆಗೀಬೇಕು. ತಲೆಯ ನಡುವೆ ಪಂಚ್ ಹೊಡೆದು ಗುರುತು ಮಾಡಿ, ತಲೆ ಇರುವಷ್ಟೇ ಆಳ ಡ್ರಿಲ್ ಮಾಡಿ, ತಲೆ ಎಗರಿಸಿ, ಉಳಿದಿದ್ದನ್ನು ಮೆಲ್ಲಗೆ ಹೊರಗೆ ತಟ್ಟಬೇಕು. ಅವಸರದಲ್ಲಿ ಕೊರೆದರೆ ತೂತು ದೊಡ್ಡದಾಗುತ್ತೆ, ಆಮೇಲೆ ಮುಂದಿನ ಸೈಜ್ ರಿವೆಟ್ ಹುಡುಕಿ. ತಾನಾಗೇ ಸಡಿಲ ಆಗಬಾರದ ಲಾಕ್ ನಟ್ ಬೆರಳಲ್ಲೇ ತಿರುಗಿದರೆ, ಬಿಸಾಕಿ. ಬೋಲ್ಟ್ ತಿರುಗದಂಗೆ ಕಟ್ಟೋ ಲಾಕ್ ವೈರ್ ಒಮ್ಮೆ ಬಿಚ್ಚಿದರೆ, ಬಿಸಾಕಿ. ಬಿಸಾಕೋದು ಅಂದ್ರೆ ಡಬ್ಬಿಗೆ ಹಾಕೋದಲ್ಲ ಸ್ವಾಮಿ, ಕತ್ತರಿಸಿ ಹಾಳು ಮಾಡಿ ಹಾಕೋದು. ಇಲ್ಲಾಂದ್ರೆ ಗುಜರಿಯಿಂದ ಪಾಲಿಶ್ ಆಗಿ ಹೊಸದು ಅಂತ ವಾಪಸ್ ಬರುತ್ತೆ.

ಇನ್ನೊಬ್ಬರು, 'ನಮ್ ಲಾರಿ ಹಳೇ ಬೋಲ್ಟಲ್ಲೇ ಮುಂಬೈ ಮುಟ್ಟುತ್ತೆ' ಅಂತಾರೆ. ಮುಟ್ಟುತ್ತೆ ಬಿಡಿ. ಕೆಟ್ಟರೆ ಹಿರಿಯೂರು ಹತ್ರ ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಟೀ ಕುಡೀಬಹುದು. ಮೇಲೆ ಎಲ್ಲಿ ಕಲ್ಲು ಕೊಡ್ತೀರಿ? 1989ರಲ್ಲಿ ಡೆನ್ಮಾರ್ಕ್ ಹತ್ರ ಒಂದು ವಿಮಾನ ಸಮುದ್ರಕ್ಕೆ ಬಿತ್ತು, 55 ಜನ ಹೋದರು. ಬಾಲ ಹಿಡಿದಿದ್ದ ಬೋಲ್ಟಲ್ಲಿ ನಕಲಿ ಇತ್ತು! ಇದಕ್ಕೂ ಲೈಕ್ ಹಾಕ್ತೀರಾ?

ಅಂದಹಾಗೆ ಲೈಕ್ ಇಲ್ಲಿ ಹಾಕಿ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ನಮ್ಮ ಚಳ್ಳಕೆರೆ ಕಡೆ ಡ್ರೋನ್ ಪರೀಕ್ಷೆ ಮಾಡೋ ಜಾಗ ಇದೆಯಲ್ಲ, ಅದರ ಮೇಲೂ ವಿಡಿಯೋ ಬರ್ತಿದೆ.

ಮತ್ತೆ ಹೇಳ್ತೀನಿ, ಅನುಮಾನ ಬಂತಾ, ಬಿಸಾಕಿ. ಯಾಕೆ? ಇಷ್ಟೊತ್ತು ಹೇಳಿದ್ನಲ್ರೀ! ಬಿಸಾಕ್ರೀ ಅಷ್ಟೇ. ಅಣ್ಣಾ, ಕಾಮೆಂಟಲ್ಲಿ ಕಾಯ್ತಿರ್ತೀನಿ, ಬನ್ನಿ.