ಬ್ಯಾಟರಿ ಸಾಯಿಸಬೇಡಿ, ಪ್ಲಗ್ ಬಿಚ್ಚಿ ನೋಡಿ

ಕೇಳುಗರೇ, ನಮಸ್ಕಾರ.

ಹೋದ ಆಗಸ್ಟಿನ ಮಾತು. ತೀರ್ಥಹಳ್ಳಿಯಲ್ಲಿ ರಾತ್ರಿಯಿಡೀ ಮಳೆ. ಬೆಳಿಗ್ಗೆ ಎದ್ದು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿಗೆ ಸೆಲ್ಫ್ ಹೊಡೆದೆ. ಎಂಜಿನ್ ಗಿರಗಿರ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ಹೊಡೆದೆ. ಮತ್ತೆ ಅದೇ ಕಥೆ.

ಇಂಥ ಹೊತ್ತಿನಲ್ಲಿ ಬ್ಯಾಟರಿ ಸಾಯುವ ತನಕ ಹೊಡೀತಾನೇ ಇರುತ್ತೇವೆ, ಅಲ್ವಾ? ದಯವಿಟ್ಟು ನಿಲ್ಲಿಸಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೆಯಬೇಡಿ. ಮೊದಲು ಕಿವಿಗೊಟ್ಟು ಕೇಳಿ. ಎಳೆದೆಳೆದು ತಿರುಗಿದರೆ ಬ್ಯಾಟರಿಯನ್ನೇ ನೋಡಬೇಕು. ಚುರುಕಾಗಿ ತಿರುಗಿದರೆ ಅದರ ತಪ್ಪಿಲ್ಲ. ಕರೆಂಟೋ ಪೆಟ್ರೋಲೋ, ಎರಡರಲ್ಲಿ ಒಂದು ಸಿಲಿಂಡರಿಗೆ ತಲುಪುತ್ತಿಲ್ಲ.

ಯಾವುದು ಅಂತ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಹೇಳುತ್ತದೆ. ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಪೆಟ್ರೋಲ್ ಬಂದಿಲ್ಲ. ಟ್ಯಾಂಕು, ಫಿಲ್ಟರ್, ಎಂಜಿನ್ ಪಕ್ಕದ ಪಂಪು, ಹೀಗೆ ಒಂದೊಂದೇ ನೋಡುತ್ತ ಬನ್ನಿ. ಪಂಪಿನೊಳಗೆ ಪೆಟ್ರೋಲ್ ಎಳೆಯುವ ಪೊರೆ, ಅಂದರೆ ಡಯಾಫ್ರಂ, ಹರಿದಿರುವುದೂ ಉಂಟು. ಒದ್ದೆಯಾಗಿ ವಾಸನೆ ಹೊಡೆದರೆ, ಗಾಳಿ ಕಡಿಮೆ ಮಾಡುವ ಚೋಕ್ ಜಾಸ್ತಿ ಎಳೆದು ಪೆಟ್ರೋಲ್ ಓವರ್ ಆಗಿರಬೇಕು, ಇಲ್ಲವೇ ಕಿಡಿ ಇಲ್ಲ.

ನನ್ನದು ಒದ್ದೆಯಾಗಿತ್ತು. ಅದನ್ನು ಒರೆಸಿ ಮತ್ತೆ ಅಲ್ಲೇ ಕೂರಿಸಿದೆ. ತೆರೆದ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಬಾರದು, ಇದನ್ನು ಮರೆಯಬೇಡಿ. ಎತ್ತಿಟ್ಟಿದ್ದ ಹಳೆಯ ಪ್ಲಗ್ಗೊಂದನ್ನು ವಯರಿಗೆ ಸಿಕ್ಕಿಸಿ, ಅದರ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟೆ. ಗಾಡಿ ನ್ಯೂಟ್ರಲ್‌ನಲ್ಲಿತ್ತು. ಮಗಳು ಸೆಲ್ಫ್ ಹೊಡೆದಳು. ಕಿಡಿಯೇ ಇಲ್ಲ!

ಆದರೆ ಬ್ಯಾಟರಿ ಕರೆಂಟಿನ ವೋಲ್ಟೇಜ್ ಏರಿಸುವ ಕಾಯಿಲಿನಿಂದ ಬರುವ ನಡುವಿನ ವಯರಿನಲ್ಲಿ ಕಿಡಿ ಇತ್ತು. ನೀಲಿ ಬಣ್ಣ, ಚಟ್ ಚಟ್ ಸದ್ದು. ಅಂದರೆ ಕಾಯಿಲಿಗೆ ಕರೆಂಟ್ ಕೊಟ್ಟು ಕಡಿಯುವ ಪಾಯಿಂಟು, ಅದರ ಜೊತೆಗಿರುವ ಕಂಡೆನ್ಸರು, ಕಾಯಿಲು ಮೂರೂ ಕೆಲಸ ಮಾಡುತ್ತಿವೆ. ತೊಂದರೆ ಇರುವುದು ಅಲ್ಲಿಂದ ಮುಂದೆ.

ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪ್, ತೆಗೆದೆ. ಒಳಗೆ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಕೂತಂತೆ ಸಣ್ಣ ಸಣ್ಣ ಹನಿ. ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ. ಕೂದಲೆಳೆಯಷ್ಟು ಬಿರುಕು. ಕರೆಂಟೆಲ್ಲ ಪ್ಲಗ್ಗಿಗೆ ಹೋಗದೆ ಆ ಗೆರೆಯಲ್ಲೇ ಹರಿದುಹೋಗುತ್ತಿತ್ತು. ನನಗೆ ಸಂಕಟವಾಗಿದ್ದು ಬೇರೆ ವಿಷಯಕ್ಕೆ. ಹಿಂದಿನ ಮಳೆಗಾಲದಲ್ಲೂ ಇದೇ ಕಾಯಿಲೆ ಬಂದಿತ್ತು. ಆಗ ಒಂದು ಗ್ಯಾರೇಜಿನಲ್ಲಿ ಪಂಪು, ಪ್ಲಗ್ಗು ಎಲ್ಲ ಬದಲಿಸಿದ್ದರು. ಈ ಕ್ಯಾಪನ್ನು ಯಾರೂ ತೆರೆದು ನೋಡಿರಲಿಲ್ಲ.

ಬಟ್ಟೆಯಲ್ಲಿ ಒರೆಸಿ, ಬಚ್ಚಲೊಲೆಯ ಮುಂದೆ ಹಿಡಿದು ಬೆಚ್ಚಗೆ ಮಾಡಿದೆ. ವಯರು ಕೀಳುವುದಾದರೆ ಮೊದಲೇ ಗುರುತು ಹಾಕಿಕೊಳ್ಳಿ. ಪದ್ಮಿನಿಯ ನಾಲ್ಕು ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ 1-3-4-2. ಅದು ತಪ್ಪಿದರೆ ಬೇರೇನು ಸರಿಯಿದ್ದರೂ ಗಾಡಿ ಏಳುವುದಿಲ್ಲ. ಕ್ಯಾಪ್ ಕೂರಿಸಿ ಸೆಲ್ಫ್ ಹೊಡೆದೆ. ಎರಡು ಸಲ ಕೆಮ್ಮಿತು, ಆಮೇಲೆ ಹತ್ತಿಕೊಂಡಿತು. ಆ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರು.

ಬಿರುಕು ಬಿಟ್ಟ ಕ್ಯಾಪನ್ನು ನಂಬುವ ಹಾಗಿಲ್ಲ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆ, ಕೊನೆಗೆ ಹೊಸ ಕ್ಯಾಪ್ ಸಿಕ್ಕಿತು. ಎರಡು ತಗೊಂಡೆ. ಒಂದು ಎಂಜಿನ್ನಿನಲ್ಲಿದೆ. ಇನ್ನೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ನಮಸ್ಕಾರ.