ಎಳ್ಳ ಅಮಾವಾಸ್ಯೆ ಬೆಳಗ್ಗೆ ಗೀಸರ್ ಕೈಕೊಟ್ಟಾಗ

ಬೆಳಗ್ಗೆ ಐದೂವರೆ. ಕಲಬುರಗಿ. ಇವತ್ತು ಎಳ್ಳ ಅಮಾವಾಸ್ಯೆ. ಒಲೆ ಮೇಲೆ ಭಜ್ಜಿ ಕುದಿಯುತ್ತಿದೆ. ಬೇರೆ ಕಡೆಯವರಿಗೆ ಹೇಳಿಬಿಡ್ತೀನಿ, ಇದು ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ. ಸೊಪ್ಪು, ಹಸಿ ಕಾಳು, ತರಕಾರಿ ಎಲ್ಲ ಸೇರಿಸಿ ಕುದಿಸುವುದು. ಸಜ್ಜೆ ರೊಟ್ಟಿ ರಾತ್ರಿಯೇ ಬಡಿದಿಟ್ಟಿದ್ದೇವೆ. ಮನೆಯ ಆರೂ ಜನ ತಲೆಗೆ ನೀರು ಹಾಕಿಕೊಂಡು ಹೊಲಕ್ಕೆ ಹೋಗಬೇಕು, ಚರಗ ಚೆಲ್ಲಬೇಕು, ಅಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಅಂತ ಹೊಲದಲ್ಲಿ ಚೆಲ್ಲುವುದು.

ಗೀಸರ್ ಹಾಕಿ ಅರ್ಧ ಗಂಟೆ ಆಗಿತ್ತು. ಕೆಂಪು ಲೈಟು ಉರಿಯುತ್ತಲೇ ಇದೆ. ನಲ್ಲಿ ತಿರುವಿದರೆ ಬೆರಳು ಸೆಟೆಯುವಷ್ಟು ತಣ್ಣನೆ ನೀರು.

"ತೊಗರಿ ಕಟ್ಟಿಗಿ ಅದಾವಲ್ಲವಾ, ಹಂಡೇ ಇಡು" ಅಂದರು ಅತ್ತೆ. ಇಟ್ಟೆ. ತೊಗರಿ ಕಟ್ಟಿಗೆ ಹತ್ತಿಕೊಂಡರೆ ಚಟಚಟ ಉರಿಯುತ್ತೆ, ತಡ ಮಾಡಲ್ಲ. ಆ ದಿನ ಎಲ್ಲರ ಸ್ನಾನವೂ ಹಂಡೆ ನೀರಲ್ಲೇ ಆಯ್ತು.

ನೀರು ಕಾಯುವಷ್ಟರಲ್ಲಿ ಒಬ್ಬ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಥರ್ಮೋಸ್ಟ್ಯಾಟ್ ಹೋಗಿರಬೇಕ್ರಿ ಅಕ್ಕಾ. ಹಬ್ಬ ಮುಗಿಯೋತನ ಡೈರೆಕ್ಟ್ ಮಾಡಿ ಕೊಡ್ತೀನಿ" ಅಂದರು. ನಾನು ಬೇಡ ಅಂದೆ.

ಈ ವಿಡಿಯೋ ಮಾಡಿದ್ದೇ ಆ ಒಂದು ಮಾತಿಗೆ. ನಮ್ಮ ಕಡೆ ಡೈರೆಕ್ಟ್ ಕೊಡುವುದು ತೀರಾ ಮಾಮೂಲಿಯಾಗಿದೆ. ನೀರು ಸಾಕಷ್ಟು ಕಾದ ಮೇಲೆ ಕರೆಂಟ್ ನಿಲ್ಲಿಸುವುದು ಥರ್ಮೋಸ್ಟ್ಯಾಟ್. ಅದು ಕೈಕೊಟ್ಟರೆ ಕರೆಂಟ್ ಕಡಿಯಲು ಪಕ್ಕದಲ್ಲೇ ಕಟೌಟ್ ಇರುತ್ತೆ. ಇವೆರಡನ್ನೂ ಬಿಟ್ಟು ವೈರನ್ನು ನೇರವಾಗಿ ನೀರು ಕಾಯಿಸುವ ಕಾಯಿಲ್‌ಗೆ ಕೊಟ್ಟರೆ, ಅದೇ ಡೈರೆಕ್ಟ್, ನೀರು ಕಾಯುತ್ತಲೇ ಹೋಗುತ್ತೆ. ಮುಚ್ಚಿದ ಡಬ್ಬಿಯೊಳಗೆ ಒತ್ತಡ ಏರುತ್ತೆ. ಆಗ ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಅದರ ಬಾಯಿಗೂ ಸುಣ್ಣ ಕಟ್ಟಿದ್ದರೆ ಡಬ್ಬಿ ಒಡೆಯಬಹುದು. ಸ್ನಾನದ ಮನೆಯಲ್ಲಿ, ನಮ್ಮ ತಲೆ ಮೇಲೆ. ಒಂದೇ ದಿನಕ್ಕೆ ಅಂದರೂ ಒಪ್ಪಬೇಡಿ.

ಮರುದಿನ ನಾನೇ ಹುಡುಕಲು ಕೂತೆ. ಮೊದಲು ಗೋಡೆಯ ಸ್ವಿಚ್ ಆಫ್, ಆಮೇಲೆ ಮೇನ್ ಬೋರ್ಡಿನ ಎಂಸಿಬಿ ಕೂಡ ಆಫ್. ಸ್ವಿಚ್ ಒಂದನ್ನೇ ನಂಬಬೇಡಿ. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ವೈರಿನ ಬದಲು ನ್ಯೂಟ್ರಲ್‌ಗೆ ಹಾಕಿರುತ್ತಾರೆ, ಆಫ್ ಮಾಡಿದರೂ ಒಳಗೆ ಕರೆಂಟ್ ಇದ್ದೇ ಇರುತ್ತೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಇಟ್ಟು ನೋಡಿದೆ, ಅದು ಸರಿ ಇದೆ ಅಂತ ಗೊತ್ತಾಗಲಿ ಅಂತ. ಆಮೇಲೆ ಗೀಸರ್ ವೈರಿಗೆ ಇಟ್ಟೆ. ಇದಕ್ಕೆ ಧೈರ್ಯ ಬರದವರು ಮುಚ್ಚಳ ತೆಗೆಯಬೇಡಿ, ಮೆಕ್ಯಾನಿಕ್ ಬರಲಿ. ಏನು ನೋಡಿಸಬೇಕು ಅಂತ ಗೊತ್ತಿದ್ದರೂ ಸಾಕು.

ಲೈಟೇ ಉರಿಯದಿದ್ದರೆ ಎಂಸಿಬಿ, ಪ್ಲಗ್, ಕಟೌಟ್ ನೋಡಬೇಕು. ನಮ್ಮದರಲ್ಲಿ ಲೈಟು ಇತ್ತು, ಅಂದರೆ ಕರೆಂಟ್ ಒಳಗೆ ಬಂದಿದೆ. ಮುಚ್ಚಳದ ಕೆಳಗಿನ ಈ ಕೆಂಪು ಗುಂಡಿ ಕಟೌಟಿನದು, ಅದನ್ನು ಒತ್ತಿದೆ. ಟಕ್ ಅನ್ನಲಿಲ್ಲ, ಹಾಗಾದರೆ ಕಟೌಟ್ ಕರೆಂಟ್ ಕಡಿದಿಲ್ಲ. ಮಗನ ಶಾಲೆ ಪ್ರಾಜೆಕ್ಟಿಗೆ ತಂದಿದ್ದ ಮಲ್ಟಿಮೀಟರ್ ಇತ್ತು. ಥರ್ಮೋಸ್ಟ್ಯಾಟಿಗೆ ಹಿಡಿದರೆ ಬೀಪ್ ಅಂತು, ಅಂದರೆ ಅದರೊಳಗೆ ಕರೆಂಟ್ ದಾಟುತ್ತೆ. ಅದು ಚೆನ್ನಾಗೇ ಇದೆ! ಡೈರೆಕ್ಟ್ ಮಾಡಿಸಿದ್ದರೂ ನೀರು ಕಾಯುತ್ತಿರಲಿಲ್ಲ.

ಈಗ ಕಾಯಿಲ್. ನಮ್ಮದು 15 ಲೀಟರ್, 2000 ವ್ಯಾಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಮೀಟರಿನಲ್ಲಿ ಸುಮಾರು 26 ಓಮ್ ಬರಬೇಕು. ವೈರು ಬಿಚ್ಚಿ ಎರಡೂ ತುದಿಗೆ ಹಿಡಿದೆ. ಏನೂ ಬರಲಿಲ್ಲ. ಕಾಯಿಲ್ ಒಳಗೇ ಕಡಿದು ಹೋಗಿದೆ.

ಅದನ್ನು ಬಿಚ್ಚಲು ಬೇರೆ ಮೆಕ್ಯಾನಿಕ್ ಬಂದರು. ನೀರಿನ ವಾಲ್ವ್ ಬಂದ್ ಮಾಡಿ, ಡಬ್ಬಿ ಖಾಲಿ ಮಾಡಿ, ಬೋಲ್ಟ್ ಬಿಚ್ಚಿದರು. ಇಲ್ಲಿ ನೋಡಿ. ಇದು ಕಾಯಿಲ್ ಅಂತ ಗುರುತೇ ಸಿಗಲ್ಲ ಅಲ್ವಾ? ಹೆಬ್ಬೆರಳಿನಷ್ಟು ದಪ್ಪ, ಬೆಳ್ಳಗೆ, ಪದರ ಪದರ. ಉಗುರಿನಿಂದ ಎಬ್ಬಿಸಿದರೆ ಮೊಟ್ಟೆ ಸಿಪ್ಪೆ ಹಾಗೆ ಬಿಟ್ಟು ಬರುತ್ತೆ. ಡಬ್ಬಿಯಿಂದ ಒಂದು ಬೋಗುಣಿ ತುಂಬ ಬಿಳಿ ಚೂರು ಬಿತ್ತು. ಮೆಗ್ನೀಸಿಯಂ ರಾಡ್ ಸವೆದು ಬರೀ ತಂತಿ ಉಳಿದಿತ್ತು. ಡಬ್ಬಿಗೆ ತುಕ್ಕು ಹಿಡಿಯಬಾರದು ಅಂತ ತಾನು ಸವೆಯುವ ರಾಡ್ ಅದು. ನಾಲ್ಕು ವರ್ಷದಲ್ಲಿ ನಾವು ಒಮ್ಮೆಯೂ ಬದಲಿಸಿರಲಿಲ್ಲ.

ಒಂದು ಚೂರಿನ ಮೇಲೆ ನಿಂಬೆ ಹಿಂಡಿದೆ. ಬುರಬುರ ನೊರೆ ಬಂತು. ಅತ್ತೆ ತಕ್ಷಣ, "ಫರಸಿ ಮ್ಯಾಲ ಬೀಳಿಸಬ್ಯಾಡ, ಕಲೆ ಬೀಳ್ತದ" ಅಂದರು.

ಆ ಮಾತಿಗೆ ನಾನು ನಿಂತುಬಿಟ್ಟೆ. ಯಾಕಂದರೆ ಆ ಬಿಳಿ ಚೂರು, ಈ ಫರಸಿ ಎರಡೂ ಒಂದೇ ವಸ್ತು! ಫರಸಿ ಅಂದರೆ ನಾವು ಓಡಾಡುವ, ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಈ ಕಲ್ಲಿನ ಮೇಲೇ. ನೆಲದೊಳಗಿನ ನೀರು ಅದನ್ನು ಸ್ವಲ್ಪ ಸ್ವಲ್ಪ ಕರಗಿಸಿಕೊಂಡು ಬೋರಿನಲ್ಲಿ ಮೇಲೆ ಬರುತ್ತೆ. ಕಾಯಿಸಿದಾಗ ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕಾಯಿಲ್ ಮೇಲೆ ಕೂರುತ್ತೆ. ಆಗ ಕಾಯಿಲಿನ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಅದು ಒಳಗೊಳಗೇ ಕಾದು ಕಾದು ಕಡಿದು ಹೋಗುತ್ತೆ.

ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯಿಂದ ಕಾಯಿಲ್, ರಾಡ್, ಹೊಸ ವಾಶರ್ ತಂದೆವು. ಹಳೇ ವಾಶರ್ ಮತ್ತೆ ಹಾಕಿಸಬೇಡಿ, ಸೋರುತ್ತೆ. ಡಬ್ಬಿಯನ್ನು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಿಂದ ತೊಳೆದೆವು.

ಇನ್ನೊಂದು ವಿಷಯ. ಜೋಡಿಸಿದ ಕೂಡಲೇ ಸ್ವಿಚ್ ಹಾಕಬಾರದು. ಮೊದಲು ನೀರು ಬಿಟ್ಟು, ಬಿಸಿ ನೀರಿನ ನಲ್ಲಿ ತೆರೆದಿಡಿ. ಪುಸ್ ಪುಸ್ ಅಂತ ಗಾಳಿ ಹೋಗಿ ತುಂಬು ಧಾರೆ ಬರಬೇಕು. ಖಾಲಿ ಡಬ್ಬಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಆಗಲೇ ಸುಟ್ಟು ಹೋಗುತ್ತೆ. ನಳದ ನೀರು ಬಾರದೆ ಮೇಲಿನ ಟ್ಯಾಂಕ್ ಖಾಲಿಯಾದ ದಿನವೂ ಅಷ್ಟೇ, ಎಚ್ಚರ.

ಥರ್ಮೋಸ್ಟ್ಯಾಟ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದ್ದೇನೆ. ನೀರು ಜಾಸ್ತಿ ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತೆ. ಸ್ನಾನಕ್ಕೆ ಇಷ್ಟು ಬಿಸಿ ಸಾಕು. ಗೀಸರ್ ಮೈಮೇಲೆ ಮಾರ್ಕರ್‌ನಿಂದ ಇವತ್ತಿನ ತಾರೀಖು ಬರೆದೆ. ಮುಂದಿನ ಎಳ್ಳ ಅಮಾವಾಸ್ಯೆಗೆ ವಾರ ಮೊದಲೇ ಬಿಚ್ಚಿ ತೊಳೆಸುತ್ತೇನೆ.

ಸ್ವಿಚ್ ಹಾಕಿದ ಮೇಲೆ ಹದಿನೇಳು ನಿಮಿಷಕ್ಕೆ ಲೈಟು ಆರಿತು. ಅತ್ತೆ ನಲ್ಲಿ ಕೆಳಗೆ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು. "ಕಾದಾವ ನೋಡವಾ" ಅಂದವರೇ ಟವೆಲ್ ತರಲು ಹೋದರು.